ಎರಡು ತಲೆಯ ಮೇಪಲ್

ಯಾರ ಮನೆಗಾದರೂ ಊಟಕ್ಕೆ ಹೋದಾಗ ನಾನು ನೇರವಾಗಿ ಬಾಗಿಲಿಗೆ ಹೋಗುವುದಿಲ್ಲ. ಮೊದಲು ಅವರ ಮನೆಯ ಮುಂದಿನ ಮರದ ಹತ್ತಿರ ಹೋಗುತ್ತೇನೆ. ನಮ್ಮ ಮನೆಯವರು ಒಂದು ಕೈಯಲ್ಲಿ ಚಿತ್ರಾನ್ನದ ಪಾತ್ರೆ, ಇನ್ನೊಂದು ಕೈಯಲ್ಲಿ ಮೊಸರಿನ ಡಬ್ಬಿ ಹಿಡಿದುಕೊಂಡು ಮೊಣಕೈಯಿಂದ ಕರೆಗಂಟೆ ಒತ್ತುವ ಕಲೆಯನ್ನು ಸಾಧಿಸಿರುವುದು ಈ ಕಾರಣದಿಂದಲೇ. ಬಾಗಿಲು ತೆರೆದವರಿಗೆ ಕಾಣುವ ದೃಶ್ಯವೆಂದರೆ, ಹೊಸ್ತಿಲ ಬಳಿ ಪೆಚ್ಚುನಗೆ ನಗುತ್ತಿರುವ ಒಬ್ಬ ಇಂಜಿನಿಯರು, ಅವರ ಹಿಂದೆ ಹುಲ್ಲಿನ ಮೇಲೆ ನಿರಿಗೆ ಎತ್ತಿ ಹಿಡಿದು, ಟೊಂಗೆಯೊಂದರ ತುದಿಯನ್ನು ಬೆರಳುಗಳ ನಡುವೆ ಇಟ್ಟುಕೊಂಡು ನಾಡಿ ನೋಡುವವಳಂತೆ ನಿಂತ ಅವರ ಹೆಂಡತಿ. ಮೊದಮೊದಲು ನನ್ನ ಕಿವಿಯ ಓಲೆ ಬಿದ್ದುಹೋಗಿದೆಯೆಂದು ತಿಳಿದು ಮನೆಮಂದಿಯೆಲ್ಲ ಹುಲ್ಲಿನಲ್ಲಿ ಹುಡುಕಲು ಬಂದದ್ದುಂಟು. ಈಗ ಶಿಕಾಗೋ ಸುತ್ತಮುತ್ತಲ ನಮ್ಮ ಜನಕ್ಕೆ ಅಭ್ಯಾಸವಾಗಿದೆ. ಮಕ್ಕಳು ಮಾತ್ರ ಕಿಟಕಿಯಿಂದ ನೋಡಿ, ಆಂಟಿ ಮತ್ತೆ ಮರಕ್ಕೆ ಹಲೋ ಹೇಳುತ್ತಿದ್ದಾರೆ ಎಂದು ತಮ್ಮ ಅಮ್ಮಂದಿರಿಗೆ ಇಂಗ್ಲಿಷಿನಲ್ಲಿ ವರದಿ ಒಪ್ಪಿಸುತ್ತಾರೆ.

ನಾನು ನೋಡುವುದು ಮರದ ಆಕಾರವನ್ನು. ಎಲೆ ಹೂವುಗಳನ್ನು ಎಲ್ಲರೂ ನೋಡುತ್ತಾರೆ; ಅವು ಮರದ ಸೀರೆ, ಒಡವೆ. ಮರ ಹೇಗಿದೆ ಎಂದು ತಿಳಿಯಬೇಕಾದರೆ ಅದು ಎಲ್ಲಿ ಕವಲೊಡೆದಿದೆ, ಯಾವ ಟೊಂಗೆ ಯಾವ ಕೋನದಲ್ಲಿ ಹೊರಟಿದೆ, ಯಾವುದು ಹಟದಿಂದ ಮೇಲಕ್ಕೇರಿದೆ, ಯಾವುದು ಸೋತು ನಿಂತಿದೆ ಎಂಬುದನ್ನು ನೋಡಬೇಕು. ಮೇಪಲ್ಲಿನ ಕಡ್ಡಿಯೊಂದನ್ನು ತುದಿಯಿಂದ ಹಿಂದಕ್ಕೆ ಬೆರಳಿನಿಂದ ಸವರುತ್ತ ಬಂದರೆ ಅಲ್ಲಲ್ಲಿ ಬಳೆ ತೊಟ್ಟ ಹಾಗೆ ಸಣ್ಣ ಸುಕ್ಕಿನ ಗೆರೆಗಳು ತಾಕುತ್ತವೆ. ಒಂದೊಂದು ಗೆರೆಯೂ ಒಂದೊಂದು ಚಳಿಗಾಲದಲ್ಲಿ ಮೊಗ್ಗು ಮುಸುಕು ಹಾಕಿಕೊಂಡು ಕೂತಿದ್ದ ಜಾಗ. ಒಂದು ಗೆರೆಯಿಂದ ಮುಂದಿನ ಗೆರೆಯವರೆಗಿನ ದೂರ ಆ ಮರದ ಒಂದು ವರ್ಷದ ದುಡಿಮೆ. ಸುಖವಾಗಿದ್ದ ವರ್ಷ ಗೇಣುದ್ದ, ಕಷ್ಟದ ವರ್ಷ ಬೆರಳಗಲ. ಕಾಂಡದ ಬುಡ ಆನೆಯ ಪಾದದ ಹಾಗೆ ಅಗಲವಾಗಿ ನೆಲ ಹಿಡಿದಿರಬೇಕು. ವಿದ್ಯುತ್ ಕಂಬದ ಹಾಗೆ ನೆಟ್ಟಗೆ ಮಣ್ಣಿಗಿಳಿದಿದ್ದರೆ ಅದನ್ನು ಹೆಚ್ಚು ಆಳಕ್ಕೆ ಹೂತಿದ್ದಾರೆಂದು ಅರ್ಥ. ಕಾಂಡದ ಮೈಮೇಲೆ ಎಲ್ಲೆಂದರಲ್ಲಿ ಚಿಗುರು ಎದ್ದಿದ್ದರೆ ಜನ ‘ಎಷ್ಟು ಸೊಂಪು’ ಎಂದು ಕಣ್ಣರಳಿಸುತ್ತಾರೆ. ಅದು ಸೊಂಪಲ್ಲ, ಮರದ ಗಾಬರಿ. ನೆತ್ತಿ ಬೋಳಾಗುತ್ತಿದ್ದರೆ ತೊಂದರೆ ಬಹುಮಟ್ಟಿಗೆ ಬೇರಿನಲ್ಲಿರುತ್ತದೆ. ಈ ನಿಯಮ ತಮ್ಮ ನೆತ್ತಿಗೂ ಅನ್ವಯಿಸುತ್ತದೆಯೇ ಎಂದು ನಮ್ಮ ಮನೆಯವರು ಒಮ್ಮೆ ಆತಂಕದಿಂದ ಕೇಳಿದರು. ನನ್ನ ವಿದ್ಯೆ ಮರಗಳಿಗಷ್ಟೇ ಸೀಮಿತವೆಂದು ಹೇಳಿ ತಪ್ಪಿಸಿಕೊಂಡೆ.

ವಿದ್ಯೆ ಎಂಬ ಮಾತನ್ನು ನನ್ನ ಬಾಯಿಂದ ಕೇಳಿದರೆ ಗದಗಿನ ನಮ್ಮ ಕನ್ನಡ ಶಾಲೆಯ ಮಾಸ್ತರರು ನಕ್ಕಾರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ವರ್ಷವೇ ನಮ್ಮವ್ವ ಹಾಸಿಗೆ ಹಿಡಿದಳು. ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡೆ. ಅಲ್ಲಿಗೆ ನನ್ನ ಓದು ಮುಗಿಯಿತು, ಅವನದು ಮುಂದೆ ಶುರುವಾಯಿತು. ಅವನೇ ಶಿವಾನಂದ, ಮನೆಯಲ್ಲಿ ಶಿವು. ಅವನ ತಲೆ ಬಾಚಿದವಳು, ಮಗ್ಗಿ ಕೇಳಿದವಳು (ತಪ್ಪಿದರೂ ನನಗೆ ತಿಳಿಯುತ್ತಿರಲಿಲ್ಲ, ಆದರೆ ಗದರುತ್ತಿದ್ದೆ), ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಟ್ಟವಳು ನಾನು. ಸೋದರಮಾವನ ಮಗನನ್ನೇ ಮದುವೆಯಾದ ನಾನು, ಅವರ ನೌಕರಿಯ ಹಿಂದೆ ಶಿಕಾಗೋ ಹತ್ತಿರದ ಲೊಂಬಾರ್ಡಿಗೆ ಬಂದೆ. ಒಂದೆರಡು ವರ್ಷದಲ್ಲಿ ಶಿವುವೂ ಇಂಜಿನಿಯರಾಗಿ ಡೆಟ್ರಾಯಿಟ್ ಕಡೆಗೆ ಬಂದ. ಕಾರಿನ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ಕೆಲಸ, ಪ್ಲಿಮತ್ತಿನ ಹೊಸ ಬಡಾವಣೆಯಲ್ಲಿ ಮನೆ, ಮೈಸೂರಿನ ಹುಡುಗಿ ಉಮಾ ಹೆಂಡತಿ. ಇಷ್ಟೆಲ್ಲ ಆದಮೇಲೂ ಅವನ ಪಾಲಿಗೆ ಅಕ್ಕ ಎಂದರೆ ತಪ್ಪು ಮಾಡದವಳು. ಅಕ್ಕ ಹೇಳಿದ್ದಾಳೆ ಎಂದರೆ ಮುಗಿಯಿತು. ಈ ಪಟ್ಟ ಬಹಳ ಹಿತವಾದದ್ದು. ಅದರಿಂದ ಇಳಿಯುವುದು ಎಷ್ಟು ಕಷ್ಟವೆಂದು ಏರಿ ಕೂತವರಿಗೇ ಗೊತ್ತು. ನಾನು ಇಳಿಯಲಾರದೆ ಕೂತದ್ದರಿಂದ ಉಮಾಳ ಕೈಯಿಂದ ಐದಾರು ವರ್ಷ ಕಾರಿನ ಸ್ಟಿಯರಿಂಗ್ ತಪ್ಪಿಹೋಯಿತು. ಮರಗಳ ಬಗ್ಗೆ ಬರೆಯುತ್ತೇನೆಂದು ಕೂತವಳು ಬರೆಯಬೇಕಾದದ್ದು ಅದನ್ನೇ.

ಒಂದು ವರ್ಷ ಬೇಸಿಗೆಯ ಮೊದಲಲ್ಲಿ ಶಿವು ಫೋನು ಮಾಡಿ, “ಅಕ್ಕಾ, ಉಮಾ ಡ್ರೈವಿಂಗ್ ಕಲೀಬೇಕಂತಾಳ. ಲತಾನ್ನ ಹಿಡಕೊಳ್ಳಾಕ ಯಾರೂ ಇಲ್ಲ. ನೀ ಒಂದ್ ಸ್ವಲ್ಪ ದಿನ ಬಾ,” ಎಂದ. ಲತಾ ಎಂದರೆ ಅವರ ಮಗಳು, ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದಳು. ಉಮಾ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಕೆಲವೇ ಮೈಲು ದೂರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಗುವ ಹಾಗಿತ್ತು. ಆದರೆ ಆ ಕೆಲವೇ ಮೈಲನ್ನು ಕಾರಿಲ್ಲದೆ ದಾಟುವ ಉಪಾಯ ಆ ಊರಿನಲ್ಲಿ ಇರಲಿಲ್ಲ. ಬಸ್ಸಿಲ್ಲ, ನಡೆಯಲು ಕಾಲುದಾರಿಯೂ ಇಲ್ಲ. ನಾನು ಹೋದೆ. ಮಗುವನ್ನು ಸೊಂಟಕ್ಕೇರಿಸಿಕೊಂಡು ಹಳೆಯ ಅಧಿಕಾರವನ್ನು ಹೊಸದಾಗಿ ವಹಿಸಿಕೊಂಡೆ.

ಲತಾ ಹುಟ್ಟಿದ ವರ್ಷ ಶಿವು ಮನೆಯ ಮುಂದೆ, ಕಾರು ನಿಲ್ಲಿಸುವ ದಾರಿಯ ಪಕ್ಕದಲ್ಲಿ, ಒಂದು ಸಕ್ಕರೆ ಮೇಪಲ್ ನೆಟ್ಟಿದ್ದ. ನಾನು ನೋಡಿದಾಗ ಅದು ನನ್ನ ಹಣೆಯ ಎತ್ತರದ ಒಂಟಿ ಕಡ್ಡಿ. ಪಕ್ಕದಲ್ಲಿ ಒಂದೆರಡು ಬಡಕಲು ಟೊಂಗೆ, ನೆತ್ತಿಯ ಮೇಲೆ ಎಳೆಗೆಂಪು ಎಲೆಗಳ ಒಂದು ಚಿಗುರು. ಶಿವು ಆಫೀಸಿನಿಂದ ಬಂದವನೇ ಬ್ಯಾಗನ್ನೂ ಇಳಿಸದೆ ಅದರ ಪಕ್ಕ ನಿಂತು ತನ್ನ ಎದೆಯಿಂದ, ಭುಜದಿಂದ ಅಳೆದುಕೊಳ್ಳುತ್ತಿದ್ದ. ನನಗೆ ಅದನ್ನು ನೋಡಿ ಕನಿಕರವಾಯಿತು. ಕಂಡೂ ಕಂಡೂ ಗಿಡವನ್ನು ಹೀಗೆ ಬರಿಗೋಲಾಗಿ ಬೆಳೆಯಲು ಬಿಡುತ್ತಾರೆಯೇ? ನಮ್ಮಜ್ಜಿ ತುಳಸಿ ಉದ್ದುದ್ದ ಹೋಗತೊಡಗಿದರೆ ಬೆಳಗಿನ ಪೂಜೆಗೆ ತುದಿಯನ್ನೇ ಚಿವುಟುತ್ತಿದ್ದಳು, ಸೇವಂತಿಗೆಗೂ ಹಾಗೆಯೇ. ಕುಡಿ ಚಿವುಟಿದರೆ ನಾಲ್ಕು ಕಡೆ ಕವಲೊಡೆದು ಮೈತುಂಬಿಕೊಳ್ಳುತ್ತದೆ. ಇದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಬರುವ ಪಾಠ. ನಮ್ಮ ಕಡೆ ತುಳಸಿಗೂ ಗಿಡವೆನ್ನುತ್ತೇವೆ, ಆಲಕ್ಕೂ ಗಿಡವೆನ್ನುತ್ತೇವೆ. ಎರಡನ್ನೂ ಒಂದೇ ಕೈಯಿಂದ ಸಾಕಬಹುದೆಂದು ನಾನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಮಧ್ಯಾಹ್ನ, ಮಗುವಿಗೆ ಹಕ್ಕಿ ತೋರಿಸುತ್ತ ಹೊರಗೆ ನಿಂತಿದ್ದವಳು, ಕೈ ಚಾಚಿ ಆ ಕೆಂಪು ಕುಡಿಯನ್ನು ಎರಡು ಬೆರಳಲ್ಲಿ ಹಿಡಿದು ‘ಚಟ್’ ಎಂದು ಚಿವುಟಿದೆ. ಮಗು ನಕ್ಕಿತು. ಕುಡಿಯನ್ನು ಪೊದೆಯ ಹಿಂದೆ ಎಸೆದೆ. ಒಂದು ತಿಂಗಳಲ್ಲಿ ಗಿಡ ಛತ್ರಿಯಂತೆ ಹರಡಿಕೊಂಡಾಗ ಶಿವು ಬೆರಗಾಗುತ್ತಾನೆ, ಆಗ ಗುಟ್ಟು ಹೇಳಿದರಾಯಿತು ಎಂದು ಮನಸ್ಸಿನಲ್ಲೇ ಹಿಗ್ಗುತ್ತ ಒಳಗೆ ಹೋಗಿ ಚಪಾತಿಯ ಹಿಟ್ಟು ಕಲಸಲು ಕೂತೆ.

ಅದಾದ ಸ್ವಲ್ಪ ಹೊತ್ತಿಗೆ ಉಮಾ, ಅವಳು ಕಲಿಯಲೆಂದು ಶಿವು ತಂದಿಟ್ಟಿದ್ದ ಹಳೆಯ ಕಾರನ್ನು ಮನೆಯ ಮುಂದಿನ ದಾರಿಯಲ್ಲೇ ಹಿಂದಕ್ಕೆ ತೆಗೆಯುವ ಅಭ್ಯಾಸ ಮಾಡಿದಳು. ಹಿಂದಿನ ಚಕ್ರ ದಾರಿಯಂಚು ದಾಟಿ ಹುಲ್ಲಿನ ಮೇಲೆ ಏರಿತು. ಅವಳು ಮತ್ತೆ ಮುಂದಕ್ಕೆ ತಂದು ನಿಲ್ಲಿಸಿದಳು. ಸಂಜೆ ಶಿವು ಬಂದ. ಅಡಿಗೆಮನೆಯ ಕಿಟಕಿ ತೆರೆದಿತ್ತು. ನನಗೆ ಎಲ್ಲವೂ ಕೇಳಿಸುತ್ತಿತ್ತು.

“ಉಮಾ, ಇಲ್ಲಿ ಬಾ. ಗಿಡದ ತಲೀನ ಹೋಗೇತಿ! ಇವತ್ತ ನೀ ರಿವರ್ಸ್ ತಗೊಂಡಿದ್ದೇನ?”

“ತಗೊಂಡೆ. ಚಕ್ರ ಸ್ವಲ್ಪ ಹುಲ್ಲಿನ ಮೇಲೆ ಹೋಯ್ತು. ಏನೋ ತಗುಲಿದ ಹಾಗಾಯ್ತು, ಅಂಚಿರಬೇಕು ಅಂದ್ಕೊಂಡೆ.”

“ಅಂಚಲ್ಲವಾ ತಾಯಿ, ಗಿಡ!”

ಶಿವು ಇಂಜಿನಿಯರಾದ್ದರಿಂದ ಸಿದ್ಧಾಂತ ಹುಟ್ಟಲು ತಡವಾಗಲಿಲ್ಲ. ಬಂಪರು ತಾಕಿ ಕಡ್ಡಿ ಬಿಲ್ಲಿನಂತೆ ಬಾಗಿದೆ, ತುದಿ ಡಿಕ್ಕಿಯ ಸಂದಿಗೆ ಸಿಕ್ಕಿದೆ, ಕಾರು ಮುಂದೆ ಹೋದಾಗ ಕಡ್ಡಿ ಚಿಮ್ಮಿ ತುದಿ ಕಿತ್ತುಕೊಂಡು ಹೋಗಿದೆ ಎಂದು ಕೈಯಾಡಿಸಿ ವಿವರಿಸಿದ. ಎಷ್ಟು ಚೆನ್ನಾಗಿ ವಿವರಿಸಿದನೆಂದರೆ ಒಂದು ಕ್ಷಣ ನನಗೂ ಹಾಗೆಯೇ ಆಗಿರಬಹುದೆನ್ನಿಸಿತು. ಉಮಾ ಸಣ್ಣ ದನಿಯಲ್ಲಿ, “ಗೊತ್ತೇ ಆಗ್ಲಿಲ್ಲ ನೋಡಿ,” ಎಂದಳು. ನಾನು ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೈಯೆಲ್ಲ ಹಿಟ್ಟಾಗಿದೆ, ತೊಳೆದುಕೊಂಡು ಹೋಗೋಣ ಎಂದುಕೊಂಡೆ. ಕೈ ತೊಳೆಯುವಷ್ಟರಲ್ಲಿ ಅವರು ಒಳಗೆ ಬಂದರು. ಊಟವಾದಮೇಲೆ ಹೇಳೋಣ ಎಂದುಕೊಂಡೆ. ಊಟದಲ್ಲಿ ಶಿವು, “ಗಿಡಾ ನಮ್ಮಕ್ಕನ ಕೈಯಾಗ ಕೊಟ್ಟಿದ್ರ ಒಂದು ಎಲಿ ಸೈತ ಉದುರತಿರಲಿಲ್ಲ,” ಎಂದ. ಅದಾದಮೇಲೆ ನಾನು ಹೇಳಲಿಲ್ಲ.

ಶಿವು ಗದರಿದ್ದರೆ ಉಮಾ ತಿರುಗಿ ಗದರುತ್ತಿದ್ದಳು. ಮೈಸೂರಿನ ಮೆದು ಮಾತಿನೊಳಗೆ ಆ ಶಕ್ತಿ ಬೇಕಾದಷ್ಟಿದೆ. ಅವನು ಗದರಲಿಲ್ಲ, ನಗೆಯಾಡಿದ. ಗಿಡ ನಾನು ಎಣಿಸಿದಂತೆ ಛತ್ರಿಯಾಗಲಿಲ್ಲ. ಚಿವುಟಿದ ಜಾಗದ ಕೆಳಗೆ ಎದುರುಬದುರಾಗಿದ್ದ ಎರಡು ಮೊಗ್ಗುಗಳು ಎದ್ದು, ನಾನು ತಾನು ಎಂದು ಜಿದ್ದಿಗೆ ಬಿದ್ದು ಸಮಸಮನಾಗಿ ಮೇಲೇರಿದವು. ಮನೆಗೆ ಬಂದವರಿಗೆಲ್ಲ ಶಿವು ಅದನ್ನು ತೋರಿಸಿ, “ನಮ್ಮ ಮನಿಯಾಕಿ ಗಾಡಿ ಬಿಟ್ರ ಗಿಡಕ್ಕ ಎರಡ ತಲಿ ಬರ್ತಾವ,” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಉಮಾ ಕೂಡ. ಆದರೆ ಅವಳು ಡ್ರೈವಿಂಗ್ ಟೆಸ್ಟಿಗೆ ಹೋಗಲಿಲ್ಲ. ಮುಂದಿನ ವಾರ, ಮುಂದಿನ ತಿಂಗಳು, ಹಿಮ ಕರಗಲಿ ಎಂದು ಮುಂದೂಡುತ್ತ ಹೋಗಿ ಕೊನೆಗೆ ಆ ಮಾತನ್ನೇ ಎತ್ತದಾದಳು. ಲ್ಯಾಬಿನ ಕೆಲಸ ಬೇರೆ ಯಾರಿಗೋ ಹೋಯಿತು. ನಾನು ಫೋನಿನಲ್ಲಿ ಏನು ಮಾಡುತ್ತಿದ್ದೀಯೆಂದು ಕೇಳಿದರೆ, “ಏನಿಲ್ಲ ಅಕ್ಕಾ, ಹಾಲು ಮುಗಿದಿದೆ, ಇವರು ಬರ್ಲಿ ಅಂತ ಕಾಯ್ತಿದೀನಿ,” ಎನ್ನುವಳು. ಹಾಲಿಗೆ, ಮಗುವಿನ ಔಷಧಿಗೆ, ಹಬ್ಬದ ಹೂವಿಗೆ ಎಲ್ಲಕ್ಕೂ ಇವರು ಬರಬೇಕು. ನಾನು “ಆಗಲಿ ಬಿಡು” ಎಂದು ಬೇಗ ಫೋನಿಡುತ್ತಿದ್ದೆ. ದೂರದ ಫೋನು, ದುಬಾರಿ ಎಂಬುದು ನೆಪ.

ಇತ್ತ ಲೊಂಬಾರ್ಡಿನಲ್ಲಿ ನನಗೆ ಡೊರೊತಿ ಗಂಟುಬಿದ್ದಳು. ಪಕ್ಕದ ಮನೆಯ ಮುದುಕಿ, ಗಂಡನಿಲ್ಲ, ಮಕ್ಕಳು ದೂರ. ನಮ್ಮ ಬೀದಿಯ ಎರಡೂ ಬದಿ ದೊಡ್ಡ ಎಲ್ಮ್ ಮರಗಳಿದ್ದವು. ಕಾಂಡ ನೆಟ್ಟಗೆ ಏರಿ, ಮೇಲೆ ಕಾರಂಜಿಯಂತೆ ಚಿಮ್ಮಿ, ಆಚೆ ಈಚೆಯ ಟೊಂಗೆಗಳು ನಡುವೆ ಕೂಡಿ ಬೀದಿಗೆಲ್ಲ ಚಪ್ಪರ ಹಾಕಿದ್ದವು. ಅವಕ್ಕೆ ಆಗ ಒಂದು ರೋಗ ತಗುಲಿ ಊರೂರಿನಲ್ಲಿ ಸಾಲುಸಾಲಾಗಿ ಸಾಯುತ್ತಿದ್ದವು. ಒಂದು ಬೇಸಿಗೆಯ ಬೆಳಗ್ಗೆ ಡೊರೊತಿ ತನ್ನ ಮನೆಯ ಎಲ್ಮಿನ ಕೆಳಗೆ ಕುತ್ತಿಗೆ ಮೇಲೆತ್ತಿ ನಿಂತಿದ್ದಳು. ನಾನೂ ಹೋಗಿ ನೋಡಿದೆ. ಹಸುರಿನ ನಡುವೆ ಒಂದೇ ಒಂದು ಟೊಂಗೆ, ಕಾಲವಲ್ಲದ ಕಾಲದಲ್ಲಿ, ಹಳದಿಯಾಗಿತ್ತು. ಮರ ಹೋಯಿತು ಎಂದು ಅವಳು ಕಣ್ಣೊರೆಸಿಕೊಂಡಳು. ಇಷ್ಟು ದೊಡ್ಡ ಮರಕ್ಕೆ ಅಷ್ಟು ಸಣ್ಣ ಹಳದಿಯಿಂದ ಏನಾದೀತೆಂದು ನಾನು ಸಮಾಧಾನ ಹೇಳಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ಮರ ಒಣಗಿ ನಿಂತಿತ್ತು.

ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವಳಿಗೆ ಕಾಲು ಭಾಗ. ಮರಗಳಿಗೆ ಬೆರಳು ತೋರಿಸಿದರೆ ಸಾಕಾಗುತ್ತಿದ್ದುದರಿಂದ ನಮ್ಮ ಸ್ನೇಹಕ್ಕೆ ಅಡ್ಡಿಯಾಗಲಿಲ್ಲ. ಎಲೆಗಳೆಲ್ಲ ಉದುರಿದಮೇಲೆ ಮರಗಳ ನಿಜ ಬಯಲಾಗುತ್ತದೆಂದು ಚಳಿಗಾಲದಲ್ಲೇ ಅವಳು ನನ್ನನ್ನು ಎಳೆದುಕೊಂಡು ಹೊರಡುತ್ತಿದ್ದಳು. ಸೀರೆಯ ಮೇಲೆ ಗಂಡನ ಕೋಟು, ಕಾಲಿಗೆ ಹಿಮದ ಬೂಟು, ತಲೆಗೆ ಡೊರೊತಿಯೇ ಹೆಣೆದ ಉಣ್ಣೆಯ ಕುಚ್ಚಿನ ಟೋಪಿ. ಗದಗಿನವರು ಯಾರೂ ನೋಡಲಿಲ್ಲವೆಂಬುದೇ ಸಮಾಧಾನ. ಹತ್ತಿರದ ಮರಗಳ ತೋಟವೊಂದರಲ್ಲಿ ಅವಳು ಒಂದೊಂದೇ ಕಲಿಸಿದಳು. ಇಂಗ್ಲಿಷಿನ ಪುಸ್ತಕ ಓದಲಾರದವಳಿಗೆ ಓದಲು ಇಷ್ಟೆಲ್ಲ ಇದೆಯಲ್ಲ ಎಂದು ನಾನು ಹಿಗ್ಗಿದೆ.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಒಂದು ದಿನ ಡೊರೊತಿ ಒಂದು ದೊಡ್ಡ ಮೇಪಲ್ಲಿನ ಮುಂದೆ ನಿಂತು ಅದರ ಕವಲನ್ನು ತೋರಿಸಿದಳು. ಎರಡು ಕಾಂಡಗಳು ಕತ್ತರಿಯ ಬಾಯಂತೆ ಒತ್ತೊತ್ತಾಗಿ ಎದ್ದಿದ್ದವು. ನಡುವೆ ತೊಗಟೆ ಒಳಕ್ಕೆ ಮಡಚಿಕೊಂಡು ಸಿಕ್ಕಿಹಾಕಿಕೊಂಡಿತ್ತು. ಮೇಪಲ್ಲಿಗೆ ಒಬ್ಬನೇ ಮುಂದಾಳು ಇರಬೇಕು, ಇದು ಮಗುವಾಗಿದ್ದಾಗ ಯಾರೋ ಇದರ ತಲೆ ತೆಗೆದಿದ್ದಾರೆ, ಈಗ ಎರಡೂ ನಾಯಕರೇ, ಒಂದು ದಿನ ದೊಡ್ಡ ಗಾಳಿಗೆ ನಡುವಿನಿಂದ ಸೀಳಿಕೊಂಡು ಬೀಳುತ್ತದೆ ಎಂದಳು. ಆಮೇಲೆ ಪಕ್ಕದ ಇನ್ನೊಂದು ಮರದ ಬುಡವನ್ನು ತೋರಿಸಿದಳು. ಅದಕ್ಕೆ ಹಿಂದೆ ಯಾವಾಗಲೋ ಗಾಡಿ ಬಡಿದಿತ್ತು. ತೊಗಟೆ ಹೋದ ಜಾಗದ ಸುತ್ತ ಹೊಸ ತೊಗಟೆ ತುಟಿಯಂತೆ ಉಬ್ಬಿ ಗಾಯವನ್ನು ಮುಚ್ಚಲು ಹೆಣಗುತ್ತಿತ್ತು. ಬಡಿದ ಗುರುತನ್ನು ಮರ ಎಂದೂ ಬಚ್ಚಿಡುವುದಿಲ್ಲ ಎಂದಳು. ಕೈಗವಸಿನೊಳಗೆ ನನ್ನ ಎರಡು ಬೆರಳು ತಾವಾಗಿಯೇ ಒಂದಕ್ಕೊಂದು ಒತ್ತಿಕೊಂಡವು. ಪ್ಲಿಮತ್ತಿನ ಆ ಮೇಪಲ್ಲು ಮನೆಯ ಮುಂದೆ ನಿಂತು, ಉಮಾಳದು ತಪ್ಪಿಲ್ಲವೆಂದು ವರ್ಷಗಟ್ಟಲೆ ಸಾಕ್ಷಿ ಹೇಳುತ್ತಿದೆ. ಆ ಮನೆಯವರಿಗೆ ಅದನ್ನು ಓದಲು ಬಾರದು. ಓದಲು ಬರುವವಳು ನಾನು.

ಹಾಗೆಂದು ತಕ್ಷಣ ಹೊರಟು ಹೋಗಿ ಒಪ್ಪಿಕೊಂಡೆನೆಂದು ತಿಳಿಯಬೇಡಿ. ಜ್ಞಾನದಿಂದ ಧೈರ್ಯ ಹುಟ್ಟುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ನನ್ನಲ್ಲಿ ಹುಟ್ಟಿದ್ದು ನಿದ್ರೆಗೇಡು ಮಾತ್ರ.

ಮುಂದಿನ ದೀಪಾವಳಿಗೆ ಶಿವು ಡೆಟ್ರಾಯಿಟ್ ಕಡೆಯ ಏಳೆಂಟು ಕನ್ನಡ ಮನೆಯವರನ್ನು ಊಟಕ್ಕೆ ಕರೆದಿದ್ದ, ನಾವೂ ಹೋಗಿದ್ದೆವು. ನವೆಂಬರಿನ ಮಧ್ಯಾಹ್ನ, ಎಲೆಯೆಲ್ಲ ಉದುರಿತ್ತು. ನನ್ನ ಮರದ ಹುಚ್ಚಿನ ಸುದ್ದಿ ನಮ್ಮ ಮನೆಯವರ ಬಾಯಿಂದ ಅಲ್ಲಿಗೂ ತಲುಪಿತ್ತು. ಊಟವಾದ ಮೇಲೆ ಶಿವು ಎಲ್ಲರನ್ನೂ ಹೊರಗೆ ಕರೆದ. “ಬರ್ರಿ ಬರ್ರಿ, ನಮ್ಮಕ್ಕ ಗಿಡಾ ನೋಡಿ ಜಾತಕ ಹೇಳ್ತಾಳ!”

ಶ್ರೀಕಂಠ ಎಂಬ ಬೆಂಗಳೂರಿನ ಡಾಕ್ಟರೊಬ್ಬರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, “ನಮ್ಮ ಪ್ರಾಕ್ಟೀಸ್‌ಗೆ ಕಾಂಪಿಟಿಷನ್ ಬಂತಲ್ರೀ,” ಎಂದರು. “ಪೇಷೆಂಟ್ ಓಡಿಹೋಗಲ್ಲ ಅನ್ನೋದೊಂದು ಅನುಕೂಲ.”

“ಅಕ್ಕಾ, ಈ ಎರಡ ತಲಿ ಗಿಡದ್ದು ಹೇಳು. ನಮ್ಮಾಕಿ ಗಾಡಿ ಬಡದದ್ದು ಯಾವ ವರ್ಷ? ಕರೆಕ್ಟ್ ಹೇಳಿದ್ರ ಇನ್ನೊಂದ್ ಹೋಳಿಗಿ!”

ಎಲ್ಲರೂ ನಕ್ಕರು. ಉಮಾ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ಅವಳೂ ನಕ್ಕಳು. ಆ ನಗೆಯನ್ನು ಈ ಸಲ ನಾನು ಟೊಂಗೆಯನ್ನು ನೋಡುವ ಹಾಗೆ ನೋಡಿದೆ. ತುದಿಯಲ್ಲಿ ಜೀವದ ಮೊಗ್ಗೇ ಇರಲಿಲ್ಲ.

ನಾನು ಕುಳಿತು ಕಾಂಡದ ಬುಡವನ್ನು ಸುತ್ತಲೂ ಸವರಿದೆ. ಎದ್ದು ಕವಲನ್ನು ನೋಡಿದೆ. “ಶಿವು, ಈ ಗಿಡಕ್ಕ ಗಾಡಿ ಬಡದಿಲ್ಲ,” ಎಂದೆ. ನಗೆ ನಿಂತಿತು. ಬಂಪರಿನ ಎತ್ತರದಲ್ಲಿ ತೊಗಟೆ ಮಗುವಿನ ಕೆನ್ನೆಯಂತೆ ನುಣುಪಾಗಿರುವುದನ್ನು ತೋರಿಸಿದೆ. ಸೀಳಿ ಕಿತ್ತುಬಂದಿದ್ದರೆ ಕವಲಿನ ನಡುವೆ ಹರಕು ಗುರುತು ಇರಬೇಕಾಗಿತ್ತು, ಇಲ್ಲಿ ಜೋಡಿ ಮೊಗ್ಗಿನ ನೇರ ಮೇಲೆ ಎಳೆಯ ಕುಡಿಯಷ್ಟೇ ಹೋಗಿದೆ ಎಂದೆ. ಶಿವು ಬಗ್ಗಿ ನೋಡಿದ. ಡಾಕ್ಟರೂ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಗಾಯ ಇಲ್ಲ ಅನ್ನೋದಂತೂ ನಿಜ,” ಎಂದರು ಅವರು. “ಹಾಗಾದ್ರೆ ಯಾರ್ರೀ ಮುರಿದಿದ್ದು?”

ನನ್ನ ಬಾಯಿ ತೆರೆದಿತ್ತು. ಅಷ್ಟರಲ್ಲಿ ಶಿವುವೇ, “ಅಳಿಲು!” ಎಂದು ಕೂಗಿದ. “ಈ ದೇಶದ ಅಳಿಲು ಬೆಕ್ಕಿನಷ್ಟ ಇರ್ತಾವ. ವಸಂತದಾಗ ಮೇಪಲ್ಲಿನ ಕುಡಿ ಕಡೀತಾವ, ನಾನ ನೋಡೀನಿ.” ಎಲ್ಲರೂ ಹೌದು ಹೌದೆಂದರು. ಒಬ್ಬರ ಟೊಮೇಟೊ, ಇನ್ನೊಬ್ಬರ ಹೂವಿನ ಗೆಡ್ಡೆ, ಎಲ್ಲವನ್ನೂ ಅಳಿಲೇ ತಿಂದಿತ್ತು. ನಾನು ತೆರೆದ ಬಾಯನ್ನು ಮುಚ್ಚಿ, ತಲೆಯಾಡಿಸಿದೆ. ಉಮಾಳಿಗೆ ನ್ಯಾಯ ಸಿಕ್ಕಿತು, ನನ್ನ ಮಾನವೂ ಉಳಿಯಿತು, ಅಳಿಲನ್ನಂತೂ ಯಾವ ಗಂಡನೂ ಗೇಲಿ ಮಾಡುವುದಿಲ್ಲ ಎಂದು ಲೆಕ್ಕ ಹಾಕಿದೆ. ಇಷ್ಟು ಅಚ್ಚುಕಟ್ಟಾದ ಹೇಡಿತನ ನನ್ನಿಂದ ಅದೇ ಮೊದಲು.

ಅಡಿಗೆಮನೆಗೆ ಬಂದರೆ ಉಮಾ ಕಾಫಿಗೆ ನೀರಿಟ್ಟು ನನ್ನ ದಾರಿಯನ್ನೇ ಕಾಯುತ್ತಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

“ಅಕ್ಕಾ, ನಿಜವಾಗ್ಲೂ ನಾನಲ್ವಾ?”

“ಅಲ್ಲ.”

“ನಿಮಗೆ ಗೊತ್ತಿಲ್ಲ ಅಕ್ಕಾ, ನನಗೆ ಎಷ್ಟು ಹಗುರ ಆಯ್ತು ಅಂತ. ಗಿಡಕ್ಕೆ ಹೊಡೆದ್ರೂ ನನಗೆ ಗೊತ್ತಾಗ್ಲಿಲ್ಲವಲ್ಲ, ಅಲ್ಲಿ ಗಿಡದ ಬದಲು ಲತಾ ನಿಂತಿದ್ರೆ ಅಂತ... ಕೀ ಕೈಗೆ ತಗೊಂಡ್ರೆ ಅದೇ ಕಾಣ್ತಿತ್ತು. ಇವರು ತಮಾಷೆ ಮಾಡ್ತಿದ್ರು, ನಾನೂ ನಗ್ತಿದ್ದೆ. ಆದ್ರೆ ಅದಕ್ಕೇ ಬಿಟ್ಟಿದ್ದು.”

ಲತಾ ಆ ದಿನ ನನ್ನ ಸೊಂಟದ ಮೇಲಿದ್ದಳು. ಕುಡಿ ಮುರಿದ ಸದ್ದಿಗೆ ನಕ್ಕವಳು ಅವಳೇ. ಉಮಾ ಹೊತ್ತುಕೊಂಡದ್ದು ನಗೆಚಾಟಿಕೆಯೆಂದು ನಾನು ತಿಳಿದಿದ್ದೆ. ಅವಳು ಮಗಳ ಜೀವದ ಭಯವನ್ನು ಹೊತ್ತಿದ್ದಳು.

“ಉಮಾ,” ಎಂದೆ, “ಅಳಿಲಲ್ಲ. ನಾ ಚಿವುಟಿದೆ.”

ಅವಳಿಗೆ ಅರ್ಥವಾಗಲಿಲ್ಲ. “ಏನನ್ನ?”

“ಆ ಕುಡಿನ್ನ. ಕವಲೊಡೀಲಿ ಅಂತ. ತುಳಸಿ ಚಿವುಟತೀವಲ್ಲ, ಹಂಗ. ನೀ ಗಾಡಿ ತಗಿಯೋಕಿಂತ ಮೊದಲ ಚಿವುಟಿದ್ದೆ.”

ಅವಳು ನನ್ನ ಕೈ ಬಿಟ್ಟಳು. ಒಲೆ ಆರಿಸಿದಳು. ಕುದಿಯುವ ನೀರಿನ ಸದ್ದು ಅಡಗುವವರೆಗೂ ಪಾತ್ರೆಯನ್ನೇ ನೋಡುತ್ತ ನಿಂತಳು.

“ಅಳಿಲಿಗಿಂತ ಕಡೆ ಅಕ್ಕಾ ನೀವು,” ಎಂದಳು ಆಮೇಲೆ. “ಅದಾದ್ರೂ ಹೊಟ್ಟೆಗೆ ತಿನ್ನತ್ತೆ.”

ನಾನು ತಲೆ ತಗ್ಗಿಸಿದೆ.

“ಅವರಿಗೆ ನೀವೇ ಹೇಳಿ. ನಾನು ಹೇಳಲ್ಲ. ಈಗ್ಲೇ, ಎಲ್ಲರೂ ಇದಾರಲ್ಲ, ಅವರೆಲ್ಲರ ಮುಂದೆ ಹೇಳಿ. ನಕ್ಕಿದ್ದೂ ಅವರೆಲ್ಲರ ಮುಂದೇನೇ.”

ಹಜಾರದಲ್ಲಿ ಅಳಿಲಿನ ಕಥೆಗಳು ಇನ್ನೂ ಮುಗಿದಿರಲಿಲ್ಲ. ನಾನು ಹೋಗಿ ನಿಂತು, “ಶಿವು, ಗಿಡದ ತಲಿ ತಗದಾಕಿ ನಾ,” ಎಂದೆ. ಅದೂ ಒಂದು ತಮಾಷೆಯೆಂದು ತಿಳಿದು ಯಾರೋ ನಕ್ಕರು. ನನ್ನ ಮುಖ ನೋಡಿ ಸುಮ್ಮನಾದರು. ಚಿವುಟಿದ್ದು, ಕಿಟಕಿಯಿಂದ ಕೇಳಿಸಿಕೊಂಡದ್ದು, ಸುಮ್ಮನಿದ್ದದ್ದು ಎಲ್ಲ ಹೇಳಿದೆ. ಶಿವು ಕಿಟಕಿಯ ಹತ್ತಿರ ಹೋಗಿ ಗಿಡವನ್ನೊಮ್ಮೆ ನೋಡಿದ. ಆಮೇಲೆ, “ಅವತ್ತ ಹೇಳಿದ್ರ ನಾ ಏನ್ ಅಂತಿದ್ದೆ ಅಕ್ಕಾ? ಒಂದ್ ಗಿಡ. ಯಾಕ ಹೇಳಲಿಲ್ಲ?” ಎಂದ.

“ಅಕ್ಕ ತಪ್ಪು ಮಾಡತಾಳ ಅಂತ ನೀ ಎಂದೂ ಅಂದಾಂವ ಅಲ್ಲ. ನಿನ್ನ ಬಾಯಾಗ ಅದನ್ನ ಕೇಳೋದು ಬ್ಯಾಡಾಗಿತ್ತು.”

ಅವನು ಉಮಾಳ ಕಡೆ ತಿರುಗಿದ. ಅವಳು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. “ಚಿವುಟಿದಾಕಿ ಅಕ್ಕ,” ಎಂದ ಅವನು, ಎಲ್ಲರಿಗೂ ಕೇಳುವಂತೆ. “ಅದನ್ನ ಊರ ತುಂಬ ಹೇಳ್ಕೋತ ನಗಿಸಿದಾಂವ ನಾ. ತಪ್ಪಾತು ಉಮಾ.”

“ಆಯ್ತು,” ಎಂದಳು ಉಮಾ. “ಈಗ ಅಕ್ಕ ತಮ್ಮ ಇಬ್ಬರೂ ಸೇರಿ ಆ ಪಾತ್ರೆಗಳನ್ನೆಲ್ಲ ತೊಳೀರಿ.”

ತೊಳೆದೆವು. ಏಳೆಂಟು ಮನೆಯವರ ಊಟದ ಪಾತ್ರೆ. ಡಾಕ್ಟರು ನಡುನಡುವೆ ಬಂದು, ಪೇಷೆಂಟುಗಳು ಹೇಗಿದ್ದಾರೆಂದು ನೋಡಿಕೊಂಡು ಹೋದರು.

ಉಮಾ ನನ್ನ ಮೇಲಿನ ಸಿಟ್ಟನ್ನು ಒಂದೇ ದಿನದಲ್ಲಿ ಬಿಟ್ಟುಕೊಡಲಿಲ್ಲ. ಬಿಡಬೇಕೆಂದು ನಾನೂ ಕೇಳಲಿಲ್ಲ. ಆ ಚಳಿಗಾಲವೆಲ್ಲ ಅವಳು ಫೋನಿಗೆ ಬಂದದ್ದು ಒಂದೇ ಸಲ, ಅದೂ ಗಿಡದ ವಿಷಯ ಕೇಳಲು. ಹಿಮ ಕರಗಿ ಮೊಗ್ಗು ಬಿಡುವ ಮೊದಲು ಎರಡರಲ್ಲಿ ಒಂದನ್ನು ಕತ್ತರಿಸಿ ತಗ್ಗಿಸಿದರೆ ಇನ್ನೊಂದು ಮುಂದಾಳಾಗುತ್ತದೆ, ಗಿಡ ಇನ್ನೂ ಚಿಕ್ಕದು, ಸರಿಹೋಗುತ್ತದೆ ಎಂದು ಡೊರೊತಿಯಿಂದ ಕಲಿತದ್ದನ್ನು ಹೇಳಿದೆ. ಯಾವುದನ್ನು ಉಳಿಸಬೇಕೆಂದು ಕೇಳಿದಳು. ನೆಟ್ಟಗಿರುವುದನ್ನು ಎಂದೆ. “ನಾನೇ ಕತ್ತರಿಸ್ತೀನಿ, ನಿಮ್ಮ ತಮ್ಮನ ಕೈಗೆ ಕೊಡಲ್ಲ,” ಎಂದು ಫೋನಿಟ್ಟಳು. ಆ ದನಿಯಲ್ಲಿ ಸ್ವಲ್ಪ ಚಿಗುರಿದ್ದಂತೆ ನನಗೆ ಕೇಳಿಸಿತು. ಆದರೆ ನಾನು ಇಂಥ ವಿಷಯಗಳಲ್ಲಿ ನಂಬಿಗಸ್ತ ಸಾಕ್ಷಿಯಲ್ಲ.

ಮೇ ತಿಂಗಳಲ್ಲಿ, ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ ದಾರಿ, ಅವರು ಲೊಂಬಾರ್ಡಿಗೆ ಬಂದರು. ನಮ್ಮ ಊರು ಲೈಲಾಕ್ ಹೂವಿಗೆ ಹೆಸರಾದದ್ದು. ಆ ವಾರ ಬೀದಿಬೀದಿಯೂ ಕಂಪಿಡುತ್ತಿತ್ತು. ನಾನು ಮುಂಬಾಗಿಲಲ್ಲಿ ಕಾದಿದ್ದೆ. ಶಿವುವಿನ ಕಾರು ತಿರುವಿನಲ್ಲಿ ಕಾಣಿಸಿತು. ಆದರೆ ಶಿವು ಪಕ್ಕದ ಸೀಟಿನಲ್ಲಿ, ಬಾಗಿಲ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಸ್ಟಿಯರಿಂಗ್ ಹಿಡಿದವಳು ಉಮಾ. ನಮ್ಮ ಮನೆಯ ದಾರಿಗೆ ತಿರುಗುವಾಗ ಸ್ವಲ್ಪ ಹೆಚ್ಚಾಗಿಯೇ ತಿರುಗಿಸಿದಳು. ಕಾರಿನ ಮೂಗು ಅಂಚಿನ ಲೈಲಾಕ್ ಪೊದೆಯೊಳಗೆ ಹೊಕ್ಕು, ಕಡ್ಡಿಗಳು ಲಟಲಟನೆ ಮುರಿದವು.

ಎಂಜಿನ್ನು ಆರಿರಲಿಲ್ಲ, ಆಗಲೇ ಕಿಟಕಿಯ ಗಾಜು ಇಳಿಯಿತು.

“ಅಕ್ಕಾ! ನಿಮ್ಮ ಲೈಲಾಕ್ ಮೇಲೆ ಹತ್ತಿಸಿಬಿಟ್ಟೆ. ನಾನೇ!”

ನನಗೆ ಐದಾರು ವರ್ಷ ಹಿಡಿದ ಮಾತು ಅವಳಿಗೆ ಬ್ರೇಕು ಒತ್ತುವಷ್ಟು ಹೊತ್ತೂ ಹಿಡಿಯಲಿಲ್ಲ. ನಾನು ಓಡಿಹೋಗಿ ಪೊದೆಯ ಮುಂದೆ ಕೂತು, ಮುರಿದ ಹೂಗೊಂಚಲುಗಳನ್ನು ಸರಿಸಿ ಬುಡವನ್ನು ನೋಡಿದೆ. ಮೇಲಿನ ಕಡ್ಡಿಗಳಷ್ಟೇ ಹೋಗಿದ್ದವು. ನೆಲದಿಂದ ಹೊಸ ಸಸಿಗಳು ಗುಂಪುಗುಂಪಾಗಿ ಎದ್ದಿದ್ದವು.

“ಏನೂ ಆಗಿಲ್ಲ,” ಎಂದೆ. “ಇದು ಬುಡದಿಂದ ಬರೋ ಜಾತಿ. ಮತ್ತ ಬರ್ತೈತಿ.”

ಉಮಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

“ನಿಜ ಹೇಳ್ತಿದೀರಾ, ನನ್ನ ಸಮಾಧಾನಕ್ಕೆ ಹೇಳ್ತಿದೀರಾ?”

“ಈ ಸಲ ಖರೇ,” ಎಂದೆ.

“ಹಾಗಾದ್ರೆ ಸ್ವಲ್ಪ ಆ ಕಡೆ ಹೋಗಿ ಅಕ್ಕಾ,” ಎಂದು ಅವಳು ಹಿಂದಕ್ಕೆ ತಿರುಗಿ ನೋಡಿದಳು. “ರಿವರ್ಸ್ ತಗೋಬೇಕು.”